ಉಪವಾಸ ಅಂದಾಗ ಏನು ಕೇಳಿಸಿತು?

ಸಭೆಯವರೇ, ಇವತ್ತಿನ ಪ್ರಸಂಗಾನೂ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡ್ತೀನಿ ಅಂದ್ಕೊಂಡ್ರಾ? ಇವತ್ತು ಶ್ರೀಮಂತನಿಗೆ ರಜೆ. ಒಂದೂರಲ್ಲಿ ಒಂದು ಆಸ್ಪತ್ರೆ ಇತ್ತು. ಉತ್ತರದ ಕಡೆ ಬಯಲುಸೀಮೆಯ ಊರು, ಹಳೇ ಮಿಷನ್ ಆಸ್ಪತ್ರೆ, ಪಕ್ಕದಲ್ಲೇ ನರ್ಸಿಂಗ್ ಶಾಲೆ, ಎರಡರ ನಡುವೆ ಒಂದು ಪುಟ್ಟ ಪ್ರಾರ್ಥನಾಲಯ. ಬೆಳಿಗ್ಗೆ ಗಂಟೆ ಹೊಡೆದರೆ ಹುಡುಗಿಯರೆಲ್ಲ ಬಿಳಿ ಸಮವಸ್ತ್ರದಲ್ಲಿ ಬಂದು, ಹಾಡಿ, ಪ್ರಾರ್ಥನೆ ಮಾಡಿ, ಆಮೇಲೆ ವಾರ್ಡಿಗೆ ಹೋಗೋರು. ಮುಂದಿನ ಬೆಂಚಲ್ಲಿ ಕೂತಿರೋ ನಮ್ಮ ನರ್ಸಿಂಗ್ ಮಕ್ಕಳೇ, ಈ ಕಥೆ ನಿಮ್ಮದು. ಹಿಂದಿನ ಬೆಂಚಿನ ಅಣ್ಣಂದಿರು 'ಹಾಗಾದ್ರೆ ನಮಗಲ್ಲ ಬಿಡು' ಅಂತ ನಿದ್ದೆಗೆ ಜಾರಬೇಡಿ. ಕೊನೇಲಿ ನಾನು ನಿಮ್ಮ ಹತ್ತಿರಾನೇ ಬರೋದು.

ಆ ಶಾಲೇಲಿ ಒಬ್ಬಳು ಹುಡುಗಿ. ಹೆಸರು ಜೆಮೀಮ. ಬೈಬಲಿನ ಯೋಬನ ಮಗಳ ಹೆಸರು! ಅಪ್ಪ ನಮ್ಮ ಕೊಳ್ಳೇಗಾಲದ ಕಡೆ ಉಪದೇಶಿ, ಊರೂರಿಗೆ ಹೋಗಿ ವಾಕ್ಯ ಹೇಳೋರು, ಇನ್ನೇನು ಹೆಸರಿಡ್ತಾರೆ ಹೇಳಿ? ಉಪದೇಶಿ ಮನೆ ಅಂದ್ರೆ ಗೊತ್ತಲ್ಲ ನಿಮಗೆ. ಶುಕ್ರವಾರ ಬಂತು ಅಂದ್ರೆ ಉಪವಾಸ ಪ್ರಾರ್ಥನೆ. ಬೆಳಿಗ್ಗೆಯಿಂದ ಸಾಯಂಕಾಲದ ತನಕ ಹನಿ ನೀರಿಲ್ಲ. ಚಿಕ್ಕಂದಿನಿಂದ ಅವಳಿಗೆ ಉಪವಾಸ ಅಂದ್ರೆ ಅದು. ಬೇರೆ ಥರದ ಉಪವಾಸ ಲೋಕದಲ್ಲಿ ಇದೆ ಅಂತಾನೇ ಆ ಮಗುವಿಗೆ ಗೊತ್ತಿರಲಿಲ್ಲ.

ಹುಡುಗಿ ಜಾಣೆ. ಪ್ರಾರ್ಥನೆಗೆ ನಿಂತರೆ ಕಣ್ಣಲ್ಲಿ ನೀರು ಬರಿಸೋಳು. ಅದಕ್ಕೇ ಆ ವರ್ಷದ ದೀಪದ ಸಮಾರಂಭದಲ್ಲಿ ಮೊದಲ ದೀಪ ಹಿಡಿಯೋಕೆ ಅವಳನ್ನೇ ಆರಿಸಿದ್ರು. ನರ್ಸಿಂಗ್ ಮಕ್ಕಳಿಗೆ ಆ ದಿನ ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಕೈಯಲ್ಲಿ ದೀಪ ಹಿಡಿದು, ರೋಗಿಗಳ ಸೇವೆ ಮಾಡ್ತೀನಿ ಅಂತ ದೇವರ ಮುಂದೆ ಮಾತು ಕೊಡೋ ದಿನ. ಮಗಳು ಮೊದಲ ದೀಪ ಹಿಡಿಯೋದನ್ನ ನೋಡೋಕೆ ಅಪ್ಪ ಒಗೆದ ಬಿಳೀ ಪಂಚೆ ಉಟ್ಕೊಂಡು ಬಸ್ಸು ಹತ್ತಿದ್ರು.

ಆ ಶಾಲೆಯ ಟೀಚರು ಲೋಯಿಸ್ ಮೇಡಂ. ಒಳ್ಳೇವರು, ಆದರೆ ಖಾರದ ಮೆಣಸಿನಕಾಯಿ! ಹಾಸಿಗೆ ಬಟ್ಟೇಲಿ ಒಂದು ಸುಕ್ಕು ಕಂಡ್ರೆ ಮತ್ತೆ ಹಾಸಿಸೋರು. "ಈ ಹಾಸಿಗೇಲಿ ನಮ್ಮ ಕರ್ತನೇ ಬಂದು ಮಲಗ್ತಾನೆ ಅಂತ ತಿಳ್ಕೊಂಡು ಹಾಸು" ಅನ್ನೋರು. ಅವರು ಪಾಠದಲ್ಲಿ ಸದಾ ಒಂದು ಮಾತು ಹೇಳೋರು: "ರೋಗಿಗೆ ನೀನು ಹೇಳಿದೆ, ಸರಿ. ಅದು ಅರ್ಧ ಕೆಲಸ. ಅವರ ಬಾಯಿಂದ ಅದನ್ನ ವಾಪಸ್ಸು ಹೇಳಿಸು. ಆಗ ಪೂರ್ತಿ." ಜೆಮೀಮ ಇದನ್ನ ಬರ್ಕೊಂಡ್ಲು, ಪರೀಕ್ಷೆಯಲ್ಲೂ ಬರೆದ್ಲು, ಒಳ್ಳೇ ಅಂಕಾನೂ ಬಂತು. ಅಲ್ಲಿಗೆ ಮುಗೀತು! ನೋಡಿ, ನಾವೂ ಹಾಗೇ ಅಲ್ವಾ? ಬಾಯಿಪಾಠ ಆದ ವಾಕ್ಯ ಪಾಲಿಸಿದ ಹಾಗೇ ಅಂತ ನಮ್ಮ ಲೆಕ್ಕ.

ಈಗ ಕೇಳಿ. ದೀಪದ ಸಮಾರಂಭದ ಹಿಂದಿನ ದಿನ ಜೆಮೀಮಳಿಗೆ ಒಬ್ಬ ರೋಗಿಯನ್ನ ಒಪ್ಪಿಸಿದ್ರು. ಫಕೀರವ್ವ ಅಂತ, ಸಂತೆಯಲ್ಲಿ ಬದನೆಕಾಯಿ ಮಾರೋ ಹೆಂಗಸು. ಹೊಟ್ಟೆಯಲ್ಲಿ ಗಡ್ಡೆ, ಮಾರನೇ ದಿನ ಆಪರೇಷನ್ನು. ಅದಕ್ಕೆ ಮುಂಚೆ ಹೊಟ್ಟೆ ಖಾಲಿ ಇರಲೇಬೇಕು. ಯಾಕೆ? ಅರಿವಳಿಕೆ ಕೊಟ್ಟಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ, ಉಸಿರು ಕಟ್ಟಿ ಪ್ರಾಣಾನೇ ಹೋಗಬಹುದು. ಹುಡುಗಾಟದ ಮಾತಲ್ಲ ಇದು.

ನಮ್ಮ ಜೆಮೀಮ ಹೋಗಿ ಹಾಸಿಗೆ ಪಕ್ಕ ನಿಂತು ಹೇಳಿದ್ಲು: "ಅಮ್ಮಾ, ನಾಳೆ ನೀವು ಉಪವಾಸ ಇರಬೇಕು. ಆಪರೇಷನ್ ಮುಗಿಯೋ ತನಕ ಉಪವಾಸ. ಆಯ್ತಾ?"

ಫಕೀರವ್ವ ನಕ್ಕುಬಿಟ್ಲು. "ಉಪಾಸ ಅಲ್ಲೇನು? ಅದಕ್ಯಾಕ ತಂಗೀ ಇಷ್ಟ ಮಾರಿ ಸಣ್ಣ ಮಾಡ್ಕೊಂಡ ಹೇಳ್ತಿ! ನಾ ಶ್ರಾವಣ ಸೋಮವಾರ ಒಂದೂ ಬಿಟ್ಟಾಕಿ ಅಲ್ಲ."

ಜೆಮೀಮಳಿಗೆ ಎಷ್ಟು ಖುಷಿ! ಎಂಥ ಒಳ್ಳೇ ರೋಗಿ, ಹೇಳೋದೇ ಬೇಡ! ತಾನೂ ಅವಳಿಗೋಸ್ಕರ ಮಾರನೇ ದಿನ ಉಪವಾಸ ಇರ್ತೀನಿ ಅಂತ ಮನಸ್ಸಲ್ಲೇ ಹರಕೆ ಮಾಡ್ಕೊಂಡ್ಲು. ಫಕೀರವ್ವನ ಕೈ ಹಿಡಿದು ಚೆನ್ನಾಗಿ ಒಂದು ಪ್ರಾರ್ಥನೇನೂ ಮಾಡಿ ಬಂದ್ಲು. ಎಲ್ಲಾ ಮಾಡಿದ್ಲು. ಒಂದು ಬಿಟ್ಟು. ವಾಪಸ್ಸು ಹೇಳಿಸಲಿಲ್ಲ.

ಬೆಳಿಗ್ಗೆ ವಾರ್ಡಿನ ನರ್ಸು ಕೇಳಿದ್ರು, "ಉಪವಾಸ ತಾನೇ?" "ಹೂನ್ರೀ." ಥಿಯೇಟರಿಗೆ ಕರ್ಕೊಂಡು ಹೋಗೋಕೆ ಬಂದವರು ಕೇಳಿದ್ರು, "ಉಪವಾಸ ಅಲ್ವಾ?" "ಹೌದ್ರೀ, ಉಪಾಸ ಅದೀನಿ." ಎಲ್ಲರೂ ಕೇಳಿದ್ರು, ಎಲ್ಲರಿಗೂ ಉತ್ತರ ಸಿಕ್ತು. ಫಕೀರವ್ವ ಸುಳ್ಳು ಹೇಳಿದ್ಲಾ? ಒಂದು ಅಕ್ಷರ ಸುಳ್ಳು ಹೇಳಲಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲ ಹತ್ತಿರ ಗಾಲಿಮಂಚ ನಿಲ್ಲಿಸಿದ್ರು. ಒಳಗೆ ಡಾಕ್ಟರು ಕೈ ತೊಳೀತಿದ್ರು. ಜೆಮೀಮ ಪಕ್ಕದಲ್ಲಿ ನಿಂತು ಧೈರ್ಯ ಹೇಳ್ತಿದ್ಲು. ಆದರೆ ಹಸಿದ ಹೊಟ್ಟೆ ನೋಡಿ, ಹುಡುಗಿ ಮುಖಾನೇ ಬಾಡಿತ್ತು. ಮಂಚದ ಮೇಲೆ ಮಲಗಿರೋ ಫಕೀರವ್ವ, ಇನ್ನೇನು ಕತ್ತಿ ಕೆಳಗೆ ಹೋಗೋಳು, ಈ ಹುಡುಗಿ ಮುಖ ನೋಡಿ ಕೆನ್ನೆ ಸವರಿದ್ಲು.

"ನಿನ್ನ ತುಟಿ ಹೆಂಗ ಒಣಗ್ಯಾವು ನೋಡ ಯವ್ವಾ! ಮುಂಜಾನಿಂದ ಏನರ ಹೊಟ್ಟಿಗೆ ಹಾಕ್ಕೊಂಡೀಯೋ ಇಲ್ಲೋ?"

"ಇಲ್ಲಮ್ಮ. ನಾನೂ ಇವತ್ತು ಉಪವಾಸ."

"ಉಪಾಸ ಅಂತ ಹಿಂಗ ಸಾಯ್ತಾರೇನು! ನನ್ನ ಗಂಟಿನಾಗ ಸಾಬೂದಾಣಿ ಖಿಚಡಿ ಐತಿ. ಅಕ್ಕನ ಮನಿಯಿಂದ ಬಿಸಿಬಿಸಿ ಬಂದಿತ್ತು. ಮುಂಜಾನೆ ನಾ ಹೊಟ್ಟಿ ತುಂಬ ಫರಾಳ ಮಾಡೀನಿ, ಹಾಲೂ ಕುಡದೀನಿ. ಉಳದದ್ದು ನೀ ತಿನ್ನು ಹೋಗ. ಫರಾಳ ಮಾಡಿದ್ರ ಉಪಾಸ ಏನ ಮುರಿಯೂದಿಲ್ಲ."

ಉತ್ತರದ ಕಡೆಯವರು ಯಾರೋ ಇಲ್ಲೇ ನಗ್ತಿದ್ದೀರಿ, ನಿಮಗೆ ಅರ್ಥ ಆಯ್ತು. ನಮ್ಮ ಕಡೆಯವರಿಗೆ ಹೇಳ್ತೀನಿ. ಫರಾಳ ಅಂದ್ರೆ ಫಲಾಹಾರ. ಅಲ್ಲಿ ಉಪವಾಸ ಅಂದ್ರೆ ಅನ್ನ, ರೊಟ್ಟಿ ಮುಟ್ಟೋ ಹಾಗಿಲ್ಲ. ಸಾಬೂದಾಣಿ ಅಂದ್ರೆ ನಮ್ಮ ಸಬ್ಬಕ್ಕಿ, ಅದು ತಿನ್ನಬಹುದು. ಬಾಳೆಹಣ್ಣು, ಶೇಂಗಾ ಉಂಡೆ, ಹಾಲು, ಎಲ್ಲಾ ನಡೆಯುತ್ತೆ. ಹೇಳಿದ ಮಾತನ್ನ ಫಕೀರವ್ವ ಚಾಚೂ ತಪ್ಪದೆ ಪಾಲಿಸಿದ್ಲು. ಅವಳು ಉಪವಾಸಾನೇ ಇದ್ದಳು. ಹೊಟ್ಟೆ ತುಂಬಾ!

ಜೆಮೀಮ ಬಾಯಿ ತೆರೀಬೇಕು ಅನ್ನೋಷ್ಟರಲ್ಲಿ ಬಾಗಿಲು ತೆರೀತು, ಗಾಲಿಮಂಚ ಒಳಗೆ ಹೋಯ್ತು, ಬಾಗಿಲು ಮುಚ್ಚಿಕೊಳ್ತು.

ಈಗ ನಿಲ್ಲೋಣ ಇಲ್ಲಿ. ಆ ಹುಡುಗಿ ತಲೇಲಿ ಏನೇನು ಓಡಿರಬೇಕು? ಹೇಳಿದ್ರೆ ತಪ್ಪು ಬಯಲಾಗುತ್ತೆ. ಸಾಯಂಕಾಲದ ದೀಪ ಹೋಗುತ್ತೆ. ಅಪ್ಪ ಬಸ್ಸಲ್ಲಿದ್ದಾರೆ. ಬೆಳಿಗ್ಗೆ ತಿಂದದ್ದು ಇಷ್ಟು ಹೊತ್ತಿಗೆ ಕರಗಿರಲೂಬಹುದು. ಇದೆಲ್ಲ ಯಾರಿಗಾದ್ರೂ ಬರೋ ಯೋಚನೆ. ಆದರೆ ಅವಳಿಗೆ ಇನ್ನೊಂದು ಯೋಚನೆ ಬಂತು ನೋಡಿ, ಅದು ನಮ್ಮಂಥವರಿಗೆ ಮಾತ್ರ ಬರೋದು: 'ನಾನು ಪ್ರಾರ್ಥನೆ ಮಾಡಿದ್ದೀನಲ್ಲ, ಉಪವಾಸಾನೂ ಇದ್ದೀನಲ್ಲ, ದೇವರೇ ನೋಡ್ಕೋತಾನೆ.'

ಎಂಥ ಭಕ್ತಿಯ ಮಾತು! ಎಷ್ಟು ಚೆನ್ನಾಗಿದೆ ಕೇಳೋಕೆ! ಅಮ್ಮಂದಿರೇ, ಅಣ್ಣಂದಿರೇ, ಅದು ನಂಬಿಕೆಯ ಮಾತಲ್ಲ. ಅದು ಹೆದರಿಕೆ. ಹೆದರಿಕೆ ತಾನೇ ಬಿಳಿ ಬಟ್ಟೆ ಉಟ್ಕೊಂಡು ಆರಾಧನೆಗೆ ಬಂದು ಕೂತಿತ್ತು ಅಷ್ಟೇ. ದೇವರು ನೋಡ್ಕೋತಾನೆ, ಸರಿ. ಆದರೆ ಆ ಹೊತ್ತಲ್ಲಿ ದೇವರು ಕಾಲು ಕೊಟ್ಟು ಆ ಬಾಗಿಲ ಹತ್ತಿರ ಯಾರನ್ನ ನಿಲ್ಲಿಸಿದ್ದ? ಇವಳನ್ನೇ ಅಲ್ವಾ? ಖಿಚಡಿ ವಿಷಯ ಯಾರಿಗೆ ತಿಳಿಸಿದ್ದ? ಇವಳಿಗೇ ಅಲ್ವಾ? ಇನ್ನೇನು, ದೇವದೂತನ್ನ ಬೇರೆ ಕಳಿಸಬೇಕಿತ್ತಾ?

ಥಿಯೇಟರಿನ ಒಳಗೆ ಒಂದು ಕೆಂಪು ಗೆರೆ. ಹೊರಗಿನ ಚಪ್ಪಲಿಯಲ್ಲಿ ಯಾರೂ ಅದನ್ನ ದಾಟೋ ಹಾಗಿಲ್ಲ. ಮುಖಕ್ಕೆ ಬಟ್ಟೆ ಇಲ್ಲದೆ, ತಲೆಗೆ ಟೋಪಿ ಇಲ್ಲದೆ ಅಂತೂ ಕಾಲಿಡೋ ಹಾಗೇ ಇಲ್ಲ. ಜೆಮೀಮ ಚಪ್ಪಲಿ ಬಿಟ್ಟು, ಸೆರಗಿನಿಂದ ಬಾಯಿ ಮುಚ್ಕೊಂಡು, ಬಾಗಿಲು ತಳ್ಳಿ, ಗೆರೆ ಹತ್ತಿರ ನಿಂತು ಕೂಗಿದ್ಲು:

"ಡಾಕ್ಟರ್, ನಿಲ್ಲಿಸಿ! ಅರಿವಳಿಕೆ ಕೊಡಬೇಡಿ! ಅವರು ಊಟ ಮಾಡಿದ್ದಾರೆ!"

ಡಾಕ್ಟರು ಕೆಂಡವಾದ್ರು. ಆಗೋದೇ ಬಿಡಿ. ಮೊದಲು ಬೈದದ್ದು ಯಾರಿಗೆ? ಮಂಚದ ಮೇಲಿದ್ದವಳಿಗೆ. "ಏನಮ್ಮಾ, ಅಷ್ಟು ಹೇಳಿದ್ರೂ ತಿಂದ್ಯಾ? ಜೀವದ ಮೇಲೆ ಆಸೆ ಇಲ್ವಾ ನಿನಗೆ?" ಪಾಪ ಫಕೀರವ್ವ, ಏನು ತಪ್ಪಾಯ್ತು ಅಂತಾನೇ ಗೊತ್ತಿಲ್ಲ, "ನಾ ಉಂಡಿಲ್ರೀ, ದೇವರಾಣಿಗೂ ಅನ್ನ ಮುಟ್ಟಿಲ್ರೀ" ಅಂತ ಅಳೋಕೆ ಶುರು ಮಾಡಿದ್ಲು.

ಜೆಮೀಮ ಸುಮ್ಮನಿದ್ದಿದ್ರೆ ಅಲ್ಲಿಗೇ ಮುಗೀತಿತ್ತು. ಜೀವಾನೂ ಉಳೀತಿತ್ತು, ತಪ್ಪೂ ಹಳ್ಳಿ ಹೆಂಗಸಿನ ತಲೆ ಮೇಲೆ ಕೂತ್ಕೊಳ್ತಿತ್ತು. ದೀಪ ಕೈ ಬಿಡ್ತಿರಲಿಲ್ಲ. ಆದರೆ ಹುಡುಗಿ ಹೇಳಿದ್ಲು: "ಅವರಿಗೆ ಬೈಬೇಡಿ ಡಾಕ್ಟರ್. ಅವರು ನಾನು ಹೇಳಿದ್ದನ್ನೇ ಮಾಡಿದ್ದಾರೆ. ನಾನು ಉಪವಾಸ ಅಂದೆ. ಅವರ ಉಪವಾಸ ಯಾವುದು ಅಂತ ಕೇಳಲಿಲ್ಲ. ತಪ್ಪು ನನ್ನದು."

ಆಪರೇಷನ್ ಮಾರನೇ ದಿನಕ್ಕೆ ಹೋಯ್ತು. ಜೆಮೀಮ ಲೋಯಿಸ್ ಮೇಡಂ ಮುಂದೆ ಹೋಗಿ ನಿಂತ್ಲು. ಮೇಡಂ ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ ಹೇಳಿದ್ರು: "ನೀನು ನಿಲ್ಲಿಸಿದ್ದಕ್ಕೆ ದೇವರಿಗೆ ಸ್ತೋತ್ರ. ನಿನ್ನಿಂದ ಒಂದು ಜೀವ ಹೋಗ್ತಿತ್ತು ಅನ್ನೋದೂ ಅಷ್ಟೇ ನಿಜ. ಎರಡನ್ನೂ ಜೊತೆಗಿಟ್ಟುಕೋ. ಸಾಯಂಕಾಲ ಮೊದಲ ದೀಪ ಬೇರೆಯವರು ಹಿಡೀತಾರೆ. ನೀನು ಆ ಹೊತ್ತಲ್ಲಿ ವಾರ್ಡಲ್ಲಿರು."

"ಶಿಕ್ಷೆನಾ ಮೇಡಂ?"

"ಶಿಕ್ಷೆ ಆಗಿದ್ರೆ ಮನೆಗೆ ಕಳಿಸ್ತಿದ್ದೆ ಕಣೇ. ಇದು ಪಾಠ. ಹೋಗಿ ಆ ತಾಯಿಗೆ ಮತ್ತೆ ಹೇಳು."

ಸಾಯಂಕಾಲ ಪ್ರಾರ್ಥನಾಲಯದಲ್ಲಿ ದೀಪಗಳು, ಹಾಡು. ಇಲ್ಲಿ ವಾರ್ಡಲ್ಲಿ ಜೆಮೀಮ ಫಕೀರವ್ವನ ಹಾಸಿಗೆ ತುದೀಲಿ ಕೂತ್ಲು. ಹಾಡು ಇಲ್ಲಿಗೂ ಕೇಳಿಸ್ತಿತ್ತು. ಕಣ್ಣೊರೆಸಿಕೊಂಡು ಶುರು ಮಾಡಿದ್ಲು. ಈ ಸಲ 'ಉಪವಾಸ' ಅನ್ನೋ ಪದಾನೇ ಬಾಯಿಗೆ ತರಲಿಲ್ಲ. "ಅಮ್ಮಾ, ಬೆಳಿಗ್ಗೆ ಬಾಯಿಗೆ ಏನೂ ಹಾಕಬಾರದು. ಖಿಚಡಿ ಇಲ್ಲ, ಬಾಳೆಹಣ್ಣಿಲ್ಲ, ಹಾಲಿಲ್ಲ, ಗುಟುಕು ನೀರೂ ಇಲ್ಲ. ಹೊಟ್ಟೇಲಿ ಏನಾದ್ರೂ ಇದ್ರೆ ನಿಮ್ಮ ಉಸಿರು ಕಟ್ಟುತ್ತೆ. ಈಗ ನಾನು ಏನು ಹೇಳಿದೆ, ನೀವು ಹೇಳಿ."

ಫಕೀರವ್ವ ಒಂದೊಂದೇ ಹೇಳಿದ್ಲು. ಹೇಳಿ ಮುಗಿಸಿ, ಎದೆ ಮೇಲೆ ಕೈ ಇಟ್ಕೊಂಡ್ಲು. "ಯವ್ವಾ! ಹಂಗಾರ ಇವತ್ತ ನಾ ಹೋಗಿಬಿಡ್ತಿದ್ನಲ್ಲ!"

"ಹೌದಮ್ಮ. ನನ್ನಿಂದ."

"ನಿನ್ನಿಂದ ಉಳದೀನಿ, ಸುಮ್ಕಿರು. ಈಗರ ಬಾಯಿ ತಗಿ." ಮಧ್ಯಾಹ್ನ ಅಕ್ಕನ ಮನೆಯಿಂದ ಬಂದಿದ್ದ ರೊಟ್ಟಿ ಬುತ್ತಿ ಬಿಚ್ಚಿ, ತುತ್ತು ಮಾಡಿ ಹುಡುಗಿ ಬಾಯಿಗಿಟ್ಲು.

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಪ್ರಾರ್ಥನಾಲಯದಲ್ಲಿ ಮಗಳನ್ನ ಹುಡುಕಿ, ಕಾಣದೆ, ಇಲ್ಲಿಗೆ ಬಂದಿದ್ರು. ಜೆಮೀಮ ಎದ್ದು ನಿಂತ್ಲು, ಬಾಯಲ್ಲಿ ರೊಟ್ಟಿ, ಕಣ್ಣಲ್ಲಿ ನೀರು. "ಅಪ್ಪಾ, ನನಗೆ ದೀಪ ಕೊಡಲಿಲ್ಲ." ಅಪ್ಪನಿಗೆ ಲೋಯಿಸ್ ಮೇಡಂ ಆಗಲೇ ಎಲ್ಲಾ ಹೇಳಿದ್ರು. ಅವರು ಇನ್ನೊಂದು ಸ್ಟೂಲು ಎಳ್ಕೊಂಡು ಕೂತು, "ಮೊದಲು ಉಣ್ಣು ಮಗಾ" ಅಂದ್ರು. ಮಾರನೇ ದಿನ ಆಪರೇಷನ್ ಚೆನ್ನಾಗೇ ಆಯ್ತು. ಫಕೀರವ್ವ ಮತ್ತೆ ಸಂತೆಗೆ ಹೋಗಿ ಬದನೆಕಾಯಿ ಮಾರಿದ್ಲು.

ಕಥೆ ಮುಗೀತು. ಈಗ ನಿಮ್ಮ ಸರದಿ. ಎದ್ದಿದ್ದೀರಾ ಅಣ್ಣಂದಿರೇ?

ನರ್ಸಿಂಗ್ ಮಕ್ಕಳೇ, ನಿಮ್ಮ ಶಾಲೇಲಿ ಪಾಠಕ್ಕೆ ಮುಂಚೆ ಪ್ರಾರ್ಥನೆ ಯಾಕೆ ಇಟ್ಟಿದ್ದಾರೆ? ಪಾಠ ಓದದೇ ಇರೋರಿಗೆ ಅಂಕ ಬರಲಿ ಅಂತಾನಾ? ನಿಮ್ಮ ಮುಂದೆ ಮಲಗಿರೋರ ಮಾತನ್ನ ಕೇಳೋ ಕಿವಿ ಬರಲಿ ಅಂತ. ತಪ್ಪಾದಾಗ 'ನನ್ನದು' ಅನ್ನೋ ಧೈರ್ಯ ಬರಲಿ ಅಂತ. ಸುವಾರ್ತೇಲಿ ಒಬ್ಬ ಕುರುಡ ಎದುರಿಗೆ ನಿಂತಾಗ ಅವನಿಗೆ ಕಣ್ಣು ಬೇಕು ಅಂತ ನಮ್ಮ ಕರ್ತನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ, ನಿನಗೆ ನಾನು ಏನು ಮಾಡಬೇಕು ಅಂತ ಅವನ ಬಾಯಿಂದಾನೇ ಕೇಳಿಸಿಕೊಂಡ. ಕರ್ತನೇ ಕೇಳಿದ ಮೇಲೆ ನಾವು ಯಾವ ದೊಡ್ಡವರು?

ಮಿಕ್ಕವರೇ, ನಮಗೂ ಒಂದು ಮಾತಿದೆ, ಎಲ್ಲರಿಗೂ ಹೇಳ್ತೀವಿ: 'ಪ್ರಾರ್ಥನೆ ಮಾಡ್ತೀನಿ.' ಕಾಯಿಲೆಯವರಿಗೆ ಹೇಳ್ತೀವಿ, ಗಂಡ ಸತ್ತವಳಿಗೆ ಹೇಳ್ತೀವಿ, ಕೆಲಸ ಕಳ್ಕೊಂಡವನಿಗೆ ಹೇಳ್ತೀವಿ. ಹೇಳಿ ಚಪ್ಪಲಿ ಮೆಟ್ಕೊಂಡು ಮನೆಗೆ ಹೋಗ್ತೀವಿ. ಅವರಿಗೆ ಏನು ಕೇಳಿಸಿತು? 'ನಾಳೆ ಬರ್ತಾರೆ' ಅಂತ ಕೇಳಿಸಿ, ಬಾಗಿಲು ತೆರೆದಿಟ್ಟು ಕಾಯ್ತಾ ಕೂತಿದ್ರೆ? ಈ ವಾರ ಹೋಗಿ. ಯಾರಿಗೆ ಹಾಗೆ ಹೇಳಿ ಬಂದಿದ್ದೀರೋ ಅವರ ಮನೆಗೇ ಹೋಗಿ, ಕೂತು, ಕೇಳಿ: ನಿಮಗೆ ನಾನು ಏನು ಮಾಡಲಿ? ಉತ್ತರ ಬರೋ ತನಕ ಏಳಬೇಡಿ. ಹೆಂಡತಿಗೂ ಕೇಳಿ, ಮಕ್ಕಳಿಗೂ ಕೇಳಿ.

ನನ್ನಿಂದಲೇ ಶುರುವಾಗಲಿ. ಇವತ್ತು ಹೊರಗೆ ಊಟ ಇದೆ. ಎಲೆ ಮುಂದೆ ಕೂತಾಗ ಪಕ್ಕದಲ್ಲಿರೋ ಹಿರಿಯರನ್ನ, ಮಗುವನ್ನ ಕೇಳಿ, 'ಅಯ್ಯನವರು ಇವತ್ತು ಏನು ಹೇಳಿದ್ರು?' ಅಂತ. ಅವರು ಬೇರೆ ಏನೋ ಹೇಳಿದ್ರೆ ನಗಬೇಡಿ, ತಿದ್ದಬೇಡಿ. ನೇರ ನನ್ನ ಹತ್ತಿರ ಕರ್ಕೊಂಡು ಬನ್ನಿ. ತಪ್ಪು ಅವರದಲ್ಲ. ನಾನು ಕೈ ತೊಳೆದು ಬಂದು, ಪಕ್ಕದಲ್ಲಿ ಕೂತು, ಮತ್ತೆ ಹೇಳ್ತೀನಿ.