ಗಣಪನ ಪಾದ ಮುಟ್ಟಿದ ಕೀ

ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ತಾಯಿ, ಮಗ ಕೂತಿದ್ದರು. ಮಗನ ಕಾರು ಕಳುವಾಗಿತ್ತು. ಇನ್ಶೂರೆನ್ಸ್‌ನವರು ಕೈ ಎತ್ತಿದ್ದರು.

"ಎರಡು ಕೀನೂ ಕೊಡಿ ಅಂತಾರಮ್ಮ. ನನ್ನ ಹತ್ರ ಇರೋದು ಒಂದೇ."

"ಇನ್ನೊಂದು ಕಾರಲ್ಲೇ ಐತೆ ಅಂತ ಹೇಳಬೇಕಿತ್ತು."

"ಹೇಳಿದೆ. ಕೀನ ಕಾರಲ್ಲೇ ಬಿಟ್ಟಿದ್ದು ನಿಮ್ಮ ತಪ್ಪು, ಕ್ಲೇಮ್ ಕೊಡಲ್ಲ ಅಂದ್ರು."

"ಬಿಟ್ಟಿದ್ದಲ್ಲ ಕಣೋ ನರೇಶ. ಕುರುಡುಮಲೆ ಗಣಪನ ಪಾದದ ಹತ್ರ ಇಟ್ಟು, ಪೂಜೆ ಮಾಡಿಸಿ, ಅರಿಶಿನದ ದಾರದಲ್ಲಿ ನಾನೇ ಒಳಗಿನ ಕನ್ನಡಿಗೆ ಕಟ್ಟಿದ್ದು. ಯಾವ ವಿಘ್ನನೂ ಬರಬಾರದು ಅಂತ."

"ಬರಲಿಲ್ಲ ಬಿಡು. ಗ್ಲಾಸ್ ಒಡೆದಿದ್ದೊಂದೇ ಕಳ್ಳನ ಕಷ್ಟ."

"ಆಡಿಕೋಬೇಡ. ಪೂಜೆ ಆದ ಗಾಡಿ ಅದು. ಎಲ್ಲಿದ್ರೂ ಒಂದು ಗೀರೂ ಬಿದ್ದಿರಲ್ಲ."

"ಇದನ್ನ ವಕೀಲರ ಮುಂದೆ ಹೇಳಬೇಡ. ಕೋಲಾರದಲ್ಲಿ ಗ್ರಾಹಕರ ಕೋರ್ಟ್ ಹತ್ರ ಕಾಯ್ತಾವ್ರೆ. ಇರೋ ಕೀನ ಇವತ್ತು ಜಡ್ಜ್ ಮುಂದೆ ಇಡಬೇಕು."

"ಎಲ್ಲಿ, ಕೊಡು ನೋಡೋಣ."

ಮಗ ಜೇಬಿನಿಂದ ತೆಗೆದು ಕೊಟ್ಟ.

"ಇದಕ್ಕೆ ಪೂಜೆ ಮಾಡಿಸಿಲ್ಲ ಅಲ್ವಾ?"

"ಇದಕ್ಯಾಕಮ್ಮ ಪೂಜೆ?"

"ಅದಕ್ಕೇ ಕಣೋ ಕೇಸು ಹಿಂಗೆ ಎಳೀತಿರೋದು."

ಅಷ್ಟರಲ್ಲಿ ಕೋಲಾರದ ಬಸ್ಸು ಬಂತು. ಮಗ ಎದ್ದು ಅದರ ಬಾಗಿಲಿನವರೆಗೂ ಹೋದ. ತಾಯಿ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಿಂದೆ ನಿಂತಿದ್ದ ಕುರುಡುಮಲೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರು. ಪಕ್ಕದ ಸೀಟಿಗೆ ಟವೆಲ್ಲೂ ಹಾಕಿದರು.

ಕೋಲಾರದ ಬಸ್ಸು ಹೊರಟಿತು. ಮಗ ಹೋಗಿ ಆ ಟವೆಲ್ ಎತ್ತಿಕೊಂಡು ಕೂತ.