ಭೀಮೇಶ ಮೂಸಿದ ತಟ್ಟೆ

ರಾತ್ರಿ ಹನ್ನೊಂದೂಕಾಲು. ಶಿವಮೊಗ್ಗದ ಕಡೇ ಬಸ್ಸು ಕಾಗದನಗರದ ಸ್ಟಾಪಲ್ಲಿ ನಿಂತು ಹೋಯ್ತು. ಇಳಿದಿದ್ದು ಒಬ್ಬಳೇ... ನಮ್ಮ ರಂಜಿನಿ. ನನ್ನ ಚಿಕ್ಕಪ್ಪನ ಮಗಳು. ನಮ್ಮ ಕ್ವಾರ್ಟರ್ಸಲ್ಲೇ ಇದ್ಕೊಂಡು ಶಿವಮೊಗ್ಗಕ್ಕೆ ಓಡಾಡ್ತಿದ್ಲು. ಸ್ಟಾಪಿಂದ ಮನೆಗೆ ಬರೋ ದಾರೀಲಿ ಒಂದು ಆಲದಮರ, ಅದರಾಚೆ ಚಪ್ಪಡಿ ಮುಚ್ಚಿದ ಪಾಳುಬಾವಿ. ಬೀದಿದೀಪ ಕೆಟ್ಟು ತಿಂಗಳಾಗಿತ್ತು. ಎರಡು ಸಾವಿರದ ಎರಡನೇ ಇಸವಿ, ಮಾರ್ಚ್ ತಿಂಗಳು. ನಗಬೇಡಿ. ನಗೋರು ಈಗಲೇ ಎದ್ದುಹೋಗಿ ಮಲ್ಕೊಳ್ಳಿ.

ಮರದ ಕೆಳಗೆ ಬಂದಾಗ ಹಿಂದುಗಡೆ ಸದ್ದು.

ಸೂಂ... ಸೂಂ... ಸೂಂಂಂ.

ಹೆಜ್ಜೆ ಸದ್ದಲ್ಲ. ಎಲೆ ಸದ್ದಲ್ಲ. ಮೂಗಲ್ಲಿ ಗಾಳಿ ಎಳ್ಕೊಳ್ಳೋ ಸದ್ದು. ಎರಡು ಗಿಡ್ಡ, ಆಮೇಲೆ ಒಂದು ಉದ್ದ. ರಂಜಿನಿ ನಿಂತುಬಿಟ್ಲು. ಯಾಕಂದ್ರೆ ಹಂಗೆ ಮೂಸೋನು ಅವಳಿಗೆ ಗೊತ್ತಿದ್ದೋನು ಒಬ್ಬನೇ. ಅವನನ್ನ ಸುಟ್ಟು ಹದಿನಾಲ್ಕು ದಿನ ಆಗಿತ್ತು.

ತಡೀರಿ. ಅವನು ಯಾರು ಅಂತ ಮೊದಲು ಹೇಳ್ತೀನಿ, ಇಲ್ದಿದ್ರೆ ನನ್ನ ಹೊಟ್ಟೆ ಉರಿ ಆರಲ್ಲ.

ಭೀಮೇಶ ಅಂತ. ನ್ಯೂ ಟೌನಿನ ಹುಡುಗ, ರಾಮಯ್ಯನ ಮಗ. ರಂಜಿನಿ ಪಿಎಚ್‌ಡಿ ಮಾಡ್ತಿದ್ದ ಲ್ಯಾಬಲ್ಲಿ ಟೆಕ್ನಿಶಿಯನ್. ಯಾವ ಲ್ಯಾಬು ಅಂತ ಕೇಳಬೇಡಿ, ಹೇಳಲ್ಲ. ರೋಗ ಬಂದಾಗ ಮೈ ಹೆಂಗೆ ಹೊಡೆದಾಡುತ್ತೆ ಅಂತ ಇಲಿಗಳಿಗೆ ಚುಚ್ಚಿ ನೋಡೋದು ಅವರ ಕೆಲಸ. ಆರು ಗಂಟೆಗೊಂದ್ಸಲ ಇಲಿ ನೋಡಬೇಕು, ಅದಕ್ಕೇ ಅವಳಿಗೆ ಕಡೇ ಬಸ್ಸೇ ಗತಿ. ಅವಳ ಇಲಿಗಳಿಗೆ ಚುಚ್ಚಿದ್ದು ಸಾಮಾನ್ಯ ಭೇದಿ ರೋಗಾಣು.

ಆ ಲ್ಯಾಬಲ್ಲಿ ಒಂದು ಚಾಳಿ ಇತ್ತು. ರೋಗಾಣು ಬೆಳೆಸಿದ ಗಾಜಿನ ತಟ್ಟೆ ಮುಚ್ಚಳ ತೆಗೆದು ಮೂಸೋದು. ಒಂದೊಂದಕ್ಕೆ ಒಂದೊಂದು ವಾಸನೆಯಂತೆ. ಒಂದು ದ್ರಾಕ್ಷಿ ಹಂಗೆ, ಇನ್ನೊಂದು ಹಸಿಮಣ್ಣಿನ ಹಂಗೆ. ಭೀಮೇಶ ಮೂಸಿ ಹೆಸರು ಹೇಳಿದ್ರೆ ತಪ್ತಾನೇ ಇರಲಿಲ್ಲ. ಗೈಡು ವಿಜಯೇಂದ್ರ ಸರ್... ಸರ್ ಅಂತ ಬೇರೆ ಅಂತೀನಲ್ಲ, ಅವನ ಮುಖಕ್ಕಿಷ್ಟು ಬೆಂಕಿ ಹಾಕ... ಹೊರಗಿಂದ ಯಾರು ಬಂದ್ರೂ ಹುಡುಗನ್ನ ಕೋಲೆಬಸವನ ಹಂಗೆ ಮುಂದೆ ನಿಲ್ಲಿಸಿ, "ಭೀಮೇಶ, ಮೂಸಿ ಹೇಳಪ್ಪ" ಅಂತಿದ್ದ. ಇವನೂ ಹೆಮ್ಮೆಯಿಂದ ಮೂಸ್ತಿದ್ದ.

ಫೆಬ್ರವರೀಲಿ ಪರದೇಶದಿಂದ ಒಂದು ಟ್ಯೂಬು ಬಂತು. ಮೊಲದ ಜ್ವರ... ಟುಲರೇಮಿಯಾ ಅಂತಾರೆ. ನಮ್ಮ ಕಡೆ ಕಂಡು ಕೇಳದ ಕಾಯಿಲೆ. ರೋಗ ತಿನ್ನೋಕೆ ಅಂತ ನಮ್ಮ ರಕ್ತದಲ್ಲಿ ಬಿಳಿಕಣ ಇರುತ್ತಲ್ಲ, ಇದು ಅದರ ಹೊಟ್ಟೆಯೊಳಗೇ ಕೂತು ಮರಿ ಹಾಕುತ್ತಂತೆ. ಪೊಲೀಸ್ ಸ್ಟೇಷನ್ನಲ್ಲೇ ಬಿಡಾರ ಹೂಡಿದ ಕಳ್ಳನ ಹಂಗೆ. ಅಂಥ ಹತ್ತು ರೋಗಾಣು ಉಸಿರಲ್ಲಿ ಒಳಗೆ ಹೋದ್ರೆ ಮುಗೀತು. ವಿಜಯೇಂದ್ರ ಮಾತ್ರ ಎಲ್ರಿಗೂ, "ಇದು ಹಲ್ಲು ಕಿತ್ತ ಹಾವು. ಲಸಿಕೆಗೆ ಬಳಸೋ ಸಾಧು ತಳಿ, ಹೆದರಬೇಡಿ" ಅಂದಿದ್ದನಂತೆ. ಟ್ಯೂಬು ಬಂದಾಗಿಂದ ಹತ್ತು ದಿನ ರಂಜಿನಿ ಲ್ಯಾಬಲ್ಲಿ ಇರ್ಲಿಲ್ಲ. ತಮ್ಮನ ಮದುವೆಗೆ ರಜೆ ಹಾಕಿದ್ಲು.

ಅವಳು ವಾಪಸ್ ಹೋಗೋ ಹೊತ್ತಿಗೆ ಭೀಮೇಶ ಆಸ್ಪತ್ರೇಲಿದ್ದ. ಒಂಬತ್ತು ದಿನ ಕೆಂಡದಂಥ ಜ್ವರ. ಡಾಕ್ಟರು ಟೈಫಾಯಿಡ್ ಅಂದ್ಕೊಂಡ್ರು. ಪಾಪ, ಅವರಿಗೇನು ಗೊತ್ತು? ಯಾವ ರೋಗಾಣು ಮುಟ್ತಿದ್ದ ಅಂತ ಹೇಳೋರು ಯಾರು? ವಿಜಯೇಂದ್ರ ದಿನಾ ಮೂಸಂಬಿ ತಗೊಂಡು ಬಂದು ನೋಡ್ಕೊಂಡು ಹೋದ. ಬಾಯಿ ಮಾತ್ರ ಬಿಡ್ಲಿಲ್ಲ. ಮದ್ದಿಲ್ಲದ ಕಾಯಿಲೆ ಆಗಿದ್ರೆ ಹಣೆಬರಹ ಅಂತಿದ್ವಿ. ಮದ್ದಿತ್ತು ಕಣ್ರೀ! ಟಿಬಿಗೆ ಕೊಡ್ತಿದ್ದ ಹಳೇ ಇಂಜೆಕ್ಷನ್. ಒಂದು ಮಾತು ಹೇಳಿದ್ರೆ ಹುಡುಗ ಬದುಕ್ತಿದ್ದ. ಅವನು ಸತ್ತ ದಿನಾನೇ ಆ ಟ್ಯೂಬು, ತಟ್ಟೆ ಎಲ್ಲಾ ಸುಡಿಸಿದ ಆ ಪುಣ್ಯಾತ್ಮ.

ಭೀಮೇಶನ ತಾಯಿ ಈಶ್ವರಮ್ಮ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಕೇಳಿದ್ಲಂತೆ, "ಮಗ ವಾಪಸ್ ಬರಲ್ಲ, ಗೊತ್ತು. ಹೆಂಗೆ ಸತ್ತ ಅಂತ ಒಬ್ರಾದ್ರೂ ನಿಜ ಬರೀರಪ್ಪ."

ಆ ರಾತ್ರಿ ರಂಜಿನಿ ಬ್ಯಾಗಲ್ಲಿ ಒಂದು ಕಾಗದ ಇತ್ತು. ಭೀಮೇಶ ಬೀದಿಬದಿ ತಿಂಡಿ ತಿಂದು ಟೈಫಾಯಿಡ್ ತಂದ್ಕೊಂಡ, ಲ್ಯಾಬಿಗೂ ಸಾವಿಗೂ ಸಂಬಂಧ ಇಲ್ಲ ಅಂತ ಟೈಪ್ ಮಾಡಿಸಿದ್ದು. ವಿಜಯೇಂದ್ರ ಮತ್ತೆ ಲ್ಯಾಬಿನ ಇನ್ನು ಮೂರು ಜನರ ಸಹಿ ಆಗಿತ್ತು. ಇವಳದ್ದೊಂದು ಬಾಕಿ. "ಬೆಳಿಗ್ಗೆ ಸಹಿ ಹಾಕಿ ತಾ ರಂಜಿನಿ. ನಿನ್ನ ಥೀಸಿಸ್ಸಿಗೆ ನಾನೂ ಸಹಿ ಹಾಕ್ಬೇಕಲ್ಲ" ಅಂದಿದ್ದ. ನಗ್ತಾ ನಗ್ತಾನೇ. ಸತ್ಯ ಹೇಳ್ತೀನಿ, ಬಸ್ಸಲ್ಲಿ ಬರ್ತಾ ಅವಳು ಸಹಿ ಹಾಕೋದು ಅಂತಾನೇ ಅಂದ್ಕೊಂಡಿದ್ಲು. ನಾಲ್ಕು ವರ್ಷದ ಓದು.

ಈಗ ಮರದ ಕೆಳಗೆ...

ಸೂಂ... ಸೂಂ... ಸೂಂಂಂ.

"ಭೀಮಣ್ಣ...?" ತುಟಿ ಅಲ್ಲಾಡಿತು, ಅಷ್ಟೇ.

"ರಂಜಿನೀ..." ಪಿಸುದನಿ, ಗಂಟಲು ಒಣಗಿದ ಹಂಗೆ. "ವಾಸನೆ ಬರ್ತಿಲ್ಲ ಕಣೆ."

"ಯಾವುದರದ್ದು?"

"ಆ ತಟ್ಟೇದು. ಬರ್ತಿಲ್ಲ ಅಂದೆ. ಸರ್ ಅಂದ್ರು... ಇನ್ನೊಂದ್ಸಲ ನೋಡು. ಹತ್ರ ಹಿಡ್ದು ನೋಡು."

"ಸರ್... ಎಲ್ಲಿದ್ರು?"

"ಬಾಗಿಲ ಹತ್ರ..." ಮತ್ತೊಂದು ಸೂಂ. "ಮಾಸ್ಕ್ ಹಾಕ್ಕೊಂಡು."

ಆಮೇಲೆ ಅವಳ ಕೆನ್ನೆ ಪಕ್ಕ ಒಂದು ಉಸಿರು. ಈ ಸಲ ಎಳ್ಕೊಂಡಿದ್ದಲ್ಲ... ಬಿಟ್ಟಿದ್ದು. ಬಿಸಿ. ಜ್ವರ ಬಂದೋರ ಉಸಿರು ಇರುತ್ತಲ್ಲ, ಹಂಗೆ.

ಓಡ್ಕೊಂಡು ಬಂದು ಮನೆ ಬಾಗಿಲು ದಬದಬ ಬಡಿದ್ಲು. ತೆಗೆದೋಳು ನಾನೇ. "ಸೀತಕ್ಕಾ, ಆ ವಿಜಯೇಂದ್ರನಿಗೆ ಗೊತ್ತಿತ್ತು, ಅದು ಸಾಧು ತಳಿ ಅಲ್ಲ ಅಂತ... ಗೊತ್ತಿದ್ದೇ ಮೂಸಿಸಿದಾನೆ" ಅಂತ ಒಳಗೆ ನುಗ್ಗಿದ್ಲು. ಪೂರ್ತಿ ಕೇಳಿದ ಮೇಲೆ ನಾನಂದೆ, "ಆ ಕಾಗದಕ್ಕೆ ಸಹಿ ಹಾಕಿದ್ಯೋ, ನನ್ನ ಹೊಸ್ತಿಲು ತುಳೀಬೇಡ ಮಾರಾಯ್ತಿ. ಪಿಎಚ್‌ಡಿ ಮನೆ ಹಾಳಾಗ್ಲಿ."

ಬೆಳಿಗ್ಗೆ ಸೀದಾ ಅವನ ರೂಮಿಗೆ ಹೋದ್ಲು. "ಇನ್ನೊಂದ್ಸಲ ಮೂಸು ಅಂದಿದ್ದು ನೀವು. ಬಾಗಿಲ ಹತ್ರ ಮಾಸ್ಕ್ ಹಾಕ್ಕೊಂಡು ನಿಂತಿದ್ದೂ ನೀವು" ಅಂದ್ಲು.

ಅವನ ಮುಖ ಸುಣ್ಣ ಬಳಿದಂಗಾಯ್ತು. "ನಿಂಗ್ಯಾರು ಹೇಳಿದ್ದು? ಆ ರೂಮಲ್ಲಿ ನಾವಿಬ್ರೇ ಇದ್ದಿದ್ದು!"

ಬಾಯಿಂದ ಜಾರಿಬಿಡ್ತು. ಆದ್ರೆ ಕೇಳಿಸ್ಕೊಂಡೋಳು ಇವಳೊಬ್ಬಳೇ. ಸಹಿ ಹಾಕದ ಕಾಗದಾನ ಅವನ ಟೇಬಲ್ ಮೇಲೆ ಎಸೆದು, ಮರದ ಕೆಳಗೆ ಕೇಳಿದ್ದನ್ನೂ ಸೇರಿಸಿ ಮೇಲಿನೋರಿಗೆ ದೂರು ಬರೆದು ಕೊಟ್ಲು. ವಿಚಾರಣೆ ಸಮಿತಿ ಬಂತು. ಅವರ ಮುಂದೆ ವಿಜಯೇಂದ್ರ ಉಲ್ಟಾ ಹೊಡೆದ. ಅಂಥ ಟ್ಯೂಬೇ ನಮ್ಮಲ್ಲಿಗೆ ಬಂದಿಲ್ಲ ಅಂದ. "ಈ ಹುಡುಗಿ ದೆವ್ವದ ಸಾಕ್ಷಿ ತಂದಿದಾಳೆ" ಅಂತ ನಕ್ಕ. ಉಳಿದ ಮೂರು ಜನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರು. ಥೂ! ಜೊತೇಲಿ ಊಟ ಮಾಡಿದ ಹುಡುಗ ಕಣ್ರೀ. ತಟ್ಟೆ ಇಲ್ಲ, ಟ್ಯೂಬಿಲ್ಲ, ಹೆಣಾನೂ ಇಲ್ಲ. ಏನು ತೋರಿಸ್ತಾಳೆ ಇವಳು?

ಸಮಿತೀಲಿ ಸುವರ್ಣಮ್ಮ ಅಂತ ವಯಸ್ಸಾದ ಡಾಕ್ಟರಿದ್ರು. ಅವರಂದ್ರು, ಮೈ ಒಂದ್ಸಲ ಯಾವ ರೋಗದ ಜೊತೆ ಹೊಡೆದಾಡಿದ್ರೂ ರಕ್ತದಲ್ಲಿ ಅದರ ಗುರುತು ಉಳಿಯುತ್ತೆ, ಎಲ್ರ ರಕ್ತ ತೆಗೀರಿ ಅಂತ. ಐದೂ ಜನರದ್ದು ತೆಗೆದು ಹೊರಗಡೆ ಕಳಿಸಿದ್ರು.

ತಿಂಗಳಾದ ಮೇಲೆ ರಿಪೋರ್ಟ್ ಬಂತು. ಮೂರು ಜನರ ರಕ್ತದಲ್ಲಿ ಏನಿಲ್ಲ. ವಿಜಯೇಂದ್ರನ ರಕ್ತ ಅಂತೂ ಶುದ್ಧ... ಇರದೇ ಏನು, ಮಾಸ್ಕ್ ಹಾಕಿದ್ನಲ್ಲ! ಒಬ್ಬರ ರಕ್ತದಲ್ಲಿ ಮಾತ್ರ ಮೊಲದ ಜ್ವರದ ಗುರುತು ಗಟ್ಟಿಯಾಗಿ ನಿಂತಿತ್ತು. ರಂಜಿನಿದು.

ನಮ್ಮ ಕಡೆ ಇಲ್ಲದ ಆ ರೋಗಾಣು ಲ್ಯಾಬಿಗೆ ಬಂದಿತ್ತು ಅನ್ನೋಕೆ ಅದೊಂದೇ ಸಾಕ್ಷಿ. ಭೀಮೇಶ ಸತ್ತಿದ್ದು ಲ್ಯಾಬಲ್ಲಿ ತಗುಲಿದ ರೋಗದಿಂದ, ಅವನ ತಪ್ಪಿಲ್ಲ ಅಂತ ಸಮಿತಿಯವರು ಬರೆದು ಕೊಟ್ರು. ವಿಜಯೇಂದ್ರನ ಕೆಲಸ ಹೋಯ್ತು. ಜೈಲಿಗೆ ಹೋಗ್ಬೇಕಿತ್ತು, ಹೋಗ್ಲಿಲ್ಲ, ಅದು ನನಗೆ ಇವತ್ತಿಗೂ ಉರೀತದೆ. ಈಶ್ವರಮ್ಮ ನಮ್ಮನೆಗೆ ಬಂದು, ರಂಜಿನಿ ತೋಳಲ್ಲಿ ಸೂಜಿ ಚುಚ್ಚಿದ ಜಾಗ ಸವರ್ತಾ ತುಂಬಾ ಹೊತ್ತು ಕೂತಿದ್ಲು.

ಸುಳ್ಳು ಅಂತೀರಾ? ರಿಪೋರ್ಟ್ ನಾನೇ ಕೈಯಲ್ಲಿ ಹಿಡ್ದು ನೋಡಿದೀನಿ. ಆ ಟ್ಯೂಬು, ಆ ತಟ್ಟೆ, ಯಾವುದನ್ನೂ ರಂಜಿನಿ ಕಣ್ಣಲ್ಲೂ ಕಂಡಿಲ್ಲ. ಅವಳಿಗೆ ತಗುಲಿದ್ದು ಮರದ ಕೆಳಗಿನ ಆ ಬಿಸಿ ಉಸಿರೊಂದೇ. ಗುರುತು ಉಳೀಬೇಕಂದ್ರೆ ಜ್ವರ ಬಂದು ಹೋಗಿರಬೇಕು ಅಂದ್ರು ಸುವರ್ಣಮ್ಮ. ಆ ವರ್ಷ ಅವಳಿಗೆ ಒಂದು ದಿನಾನೂ ಮೈ ಬೆಚ್ಚಗಾಗಿಲ್ಲ ಕಣ್ರೀ. ಪಕ್ಕದ ಹಾಸಿಗೇಲಿ ಮಲಗ್ತಿದ್ದೋಳು ನಾನು.