ಮೊದಲ ಸದ್ದಿಗೇ ಹಿಡಿದ ಗೇರಿನ ವಿಚಾರ

ಹೇಳಿಕೆ ಕೊಡುವವಳು: ದೋಣಿಕಟ್ಟೆಯಲ್ಲಿ ಎಲ್ಲರೂ 'ಕರಪತ್ರ' ಎಂದು ಕರೆಯುವ ನಾನು. ವಯಸ್ಸು 22. ಕೆಲಸ: ಮುದ್ರಣಾಲಯದಲ್ಲಿ ಹಾಳೆ ಮಡಚುವುದು. ವಾಸ: ದೋಣಿಕಟ್ಟೆಯ ಹಿಂದಿನ ಓಣಿ, ಹಗ್ಗದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ದೊಡ್ಡಪ್ಪ ದೊಡ್ಡಮ್ಮನ ಜೊತೆ.

ಯಾರೂ ಹೇಳಿಕೊಡದೆ, ಯಾರಿಗೂ ಹೆದರದೆ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ದೊಡ್ಡಪ್ಪ, ವಯಸ್ಸು 61, ಇಪ್ಪತ್ತೆಂಟು ವರ್ಷದಿಂದ ಈ ಕಟ್ಟೆಯಿಂದ ಆಚೆ ದಡದ ಬಟ್ಟೆ ಕಾರ್ಖಾನೆಗೆ ಜನರನ್ನು ದಾಟಿಸುತ್ತಾರೆ. ದೋಣಿ ಅವರದೇ, ಹನ್ನೆರಡು ಜನ ಕೂರುವಂಥದ್ದು. ನಿನ್ನೆ ಮಂಗಳವಾರ ಅವರು ಇದೇ ಠಾಣೆಯಲ್ಲಿ, ಮೋಟಾರಿನ ಗೇರನ್ನು ತಾನೇ ಬಿಚ್ಚಿ ಸರಿಮಾಡಿದ್ದಾಗಿ ಹೇಳಿಕೆ ಬರೆಸಿರುತ್ತಾರೆ. ಅದು ಸುಳ್ಳು. ಬಿಚ್ಚಿದವಳು ನಾನು. ಪರವಾನಗಿ ಪಡೆದ ದೋಣಿಯವನು ತಾನೇ ಮೋಟಾರು ಬಿಚ್ಚಿದರೆ ಪರವಾನಗಿ ರದ್ದು ಎಂದು ಕಟ್ಟೆಯ ಕಚೇರಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ನನ್ನ ಮೇಲೆ ಕೇಸು ಬರಬಾರದೆಂದು ಅವರು ತಮ್ಮ ದೋಣಿಯನ್ನೇ ಕಳೆದುಕೊಳ್ಳಲು ಹೊರಟಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ದೋಣಿಯ ಹಿಂಬದಿಗೆ ತಗುಲಿಸಿದ ಆ ಮೋಟಾರಿನ ಗೇರು ಎರಡು ವರ್ಷದಿಂದ ಕೆಟ್ಟಿತ್ತು. ನಡೆಸುವವನ ಬಲಗೈ ಬಳಿ ಒಂದು ಲಿವರ್ ಇದೆ. ನೆಟ್ಟಗಿದ್ದರೆ ನ್ಯೂಟ್ರಲ್. ಸ್ವಲ್ಪ ಮುಂದಕ್ಕೆ ತಳ್ಳಿದರೆ ಕಟ್ ಎಂಬ ಸದ್ದು ಬರುತ್ತದೆ, ಅಲ್ಲಿಗೆ ಗೇರು ಬೀಳಬೇಕು. ಇನ್ನೂ ತಳ್ಳಿದರೆ ವೇಗ ಏರುತ್ತದೆ. ನಮ್ಮದರಲ್ಲಿ ಸದ್ದು ಬರುತ್ತಿತ್ತು, ಗೇರು ಬೀಳುತ್ತಿರಲಿಲ್ಲ. ದೊಡ್ಡಪ್ಪ ಲಿವರನ್ನು ಒಂದೇ ಏಟಿಗೆ ಅರ್ಧದವರೆಗೆ ನೂಕುತ್ತಿದ್ದರು. ಮೋಟಾರು ಅರಚುತ್ತಿತ್ತು. ಸುಮಾರು ಮೂರು ಸೆಕೆಂಡಿನ ಮೇಲೆ ಗೇರು ಧಡ್ ಎಂದು ಕಚ್ಚಿಕೊಂಡು ದೋಣಿ ಹೊರಡುತ್ತಿತ್ತು.

ಕಳೆದ ತಿಂಗಳು 20ನೇ ತಾರೀಖು ಕಂಪನಿಯ ಮೆಕ್ಯಾನಿಕ್ ಬಂದು, ಕವರನ್ನೂ ತೆಗೆಯದೆ, ಕೆಳಗಿನ ಗೇರು ಡಬ್ಬವೇ ಹೋಗಿದೆ, ಮೋಟಾರನ್ನು ಇಪ್ಪತ್ತು ದಿನ ತಮ್ಮಲ್ಲಿ ಬಿಡಬೇಕು ಎಂದು ಹೇಳಿದರು. ಒಮ್ಮೆ ತೆಗೆದು ನೋಡಿ ಎಂದು ನಾನು ಕೇಳಿದ್ದಕ್ಕೆ, "ಏನಮ್ಮ, ಪುಸ್ತಕ ಓದ್ಕೊಂಡು ಬಂದಿದ್ದೀಯಾ?" ಎಂದು ನಕ್ಕರು. ಹೌದು ಎಂದೆ. ಮೋಟಾರಿನ ಜೊತೆ ಬಂದ ಕೈಪಿಡಿಯನ್ನು ನಾನು ಮೂರು ಸಲ ಓದಿದ್ದೇನೆ. ಮುದ್ರಣಾಲಯದಲ್ಲಿ ಯಾವ ಹಾಳೆಯನ್ನೂ ಓದದೆ ಮಡಚಿದವಳಲ್ಲ. ಯಂತ್ರದ ಜೊತೆ ದುಡಿಯುವವರಿಗೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿದೆ. ಅದನ್ನು ತಿಳಿಯದಂತೆ ಇಟ್ಟವರೇ ನಮ್ಮ ಇಪ್ಪತ್ತು ದಿನಗಳ ಯಜಮಾನರಾಗುತ್ತಾರೆ. ಹೇಳಿಕೆ ಈ ಮಾತಿಗೆ ಬಂದಾಗ, ಬರೆದುಕೊಳ್ಳುತ್ತಿದ್ದ ರೈಟರ್ ಸಾಹೇಬರು "ಹಕ್ಕು ಆಮೇಲೆ, ಮೊದ್ಲು ಟೈಮ್ ಹೇಳಮ್ಮ" ಎಂದರು. ಟೈಮ್ ಹೇಳುತ್ತೇನೆ, ಹಕ್ಕನ್ನೂ ಬರೆದುಕೊಳ್ಳಿ ಎಂದು ಕೇಳಿದ ಮೇಲೆ ಬರೆದಿದ್ದಾರೆ.

12ನೇ ತಾರೀಖು ಭಾನುವಾರ ಕಾರ್ಖಾನೆಗೆ ರಜೆ. ದೊಡ್ಡಪ್ಪ ಬೆಳಗ್ಗೆ 9 ಗಂಟೆಗೆ ಕನ್ನಡಕ ಬದಲಾಯಿಸಲು ಪೇಟೆಗೆ ಹೋದರು. 9.20ಕ್ಕೆ ನಾನು ದೋಣಿಗೆ ಇಳಿದೆ. ಅವರಿಗೆ ತಿಳಿಸಿರಲಿಲ್ಲ. ಮೊದಲು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡೆ. ಪ್ಲಗ್ಗಿನ ತಂತಿಗಳನ್ನು ಕಳಚಿದೆ. ನೀರನ್ನು ತಳ್ಳುವ ಹಿಂದಿನ ಫ್ಯಾನನ್ನು ಕೈಯಿಂದ ತಿರುಗಿಸುವಾಗ ಮೋಟಾರು ಹೊತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಮೋಟಾರನ್ನು ನೀರಿನಿಂದ ಮೇಲಕ್ಕೆತ್ತಿ, ಲಿವರನ್ನು ನ್ಯೂಟ್ರಲ್ಲಿಗೆ ತಂದು, ಕವರ್ ತೆಗೆದೆ. ಗೇರು ಡಬ್ಬಕ್ಕೆ ಏನೂ ಆಗಿರಲಿಲ್ಲ. ಲಿವರಿನಿಂದ ಬರುವ ಒಂಬತ್ತು ಅಡಿ ಕೇಬಲ್ಲಿನ ತುದಿ ಗೇರಿನ ತೋಳಿಗೆ ಸೇರುವಲ್ಲಿ ಕಡಲೆಕಾಳಿನಷ್ಟು ಪ್ಲಾಸ್ಟಿಕ್ ಬುಷ್, ಅಂದರೆ ತೂತಿನೊಳಗೆ ಕೂರುವ ಪುಟ್ಟ ಬಳೆ, ಸವೆದುಹೋಗಿತ್ತು. ಲಿವರ್ ಎಳೆದದ್ದೆಲ್ಲ ಆ ಸಡಿಲದಲ್ಲೇ ಮುಗಿದುಹೋಗುತ್ತಿತ್ತು. ಹಿಂದಿನ ವಾರವೇ ಕವರ್ ಎತ್ತಿ ಇಣುಕಿ ಅದರ ಅಳತೆ ತೆಗೆದು, ಹಾರ್ಡ್‌ವೇರ್ ಅಂಗಡಿಯಿಂದ ಹೊಸದು ತಂದು, ಅರದಲ್ಲಿ ಉಜ್ಜಿ ಇಟ್ಟುಕೊಂಡಿದ್ದೆ. ಅದನ್ನು ಹಾಕಿದೆ. ಕೇಬಲ್ಲಿನ ತುದಿಯ ಹಿತ್ತಾಳೆ ತಿರುಪನ್ನು ಆರು ಸುತ್ತು ತಿರುಗಿಸಿದ ಮೇಲೆ ತುದಿಯ ತೂತು ತೋಳಿನ ಗೂಟದ ಮೇಲೆ ಒತ್ತದೆ ಕೂತಿತು. ಪಿನ್ನು ಹಾಕಿ ಅದರ ಎರಡು ಕಾಲು ಬಗ್ಗಿಸಿದೆ.

ಪರೀಕ್ಷೆ ಹೀಗೆ ಮಾಡಿದೆ: ಮುಂದಿನ ಗೇರಿನಲ್ಲಿ ಫ್ಯಾನು ಒಂದು ಕಡೆಗೆ ಬಿಗಿಯಾಗಿ ನಿಂತಿತು, ಇನ್ನೊಂದು ಕಡೆಗೆ ಕಟಕಟ ಎನ್ನುತ್ತ ತಿರುಗಿತು. ಹಿಂದಿನ ಗೇರಿನಲ್ಲಿ ಎರಡೂ ಕಡೆ ಬಿಗಿ. ನ್ಯೂಟ್ರಲ್ಲಿನಲ್ಲಿ ಸಲೀಸು. 12.10ಕ್ಕೆ ತಂತಿ ಜೋಡಿಸಿ, ಮೋಟಾರನ್ನು ನೀರಿಗಿಳಿಸಿ, ಖಾಲಿ ದೋಣಿಯಲ್ಲಿ ಒಬ್ಬಳೇ ಇನ್ನೂರು ಅಡಿ ಹೋಗಿ ಬಂದೆ, ನಾಲ್ಕು ಸಲ. ನಾಲ್ಕೂ ಸಲ ಗೇರು ಕಟ್ ಎಂದ ಕೂಡಲೇ ಬಿತ್ತು. ಈ ಕೆಲಸದಲ್ಲಿ ತಪ್ಪು ಹುಡುಕುವವರು ಹುಡುಕಲಿ, ಸಿಗುವುದಿಲ್ಲ.

ಅದೇ ಸಂಜೆ 7.30ಕ್ಕೆ ಊಟಕ್ಕೆ ಕೂತಾಗ ದೊಡ್ಡಪ್ಪನಿಗೆ ಗೇರು ಸರಿಯಾಗಿದೆ ಎಂದು ಹೇಳಿದೆ. ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದೆ. ಕಡಲೆಕಾಳಿನಷ್ಟು ಬುಷ್ಷಿಗೆ ಇಪ್ಪತ್ತು ದಿನ ಕೇಳುವ ಕಂಪನಿಯ ಬಗ್ಗೆ, ದುಡಿಯುವವರು ತಮ್ಮ ಉಪಕರಣಕ್ಕೆ ತಾವೇ ವೈದ್ಯರಾಗಬೇಕಾದದ್ದರ ಬಗ್ಗೆ. ದೊಡ್ಡಮ್ಮ "ಊಟ ಆರ್ತಾ ಇದೆ, ತಟ್ಟೆ ಖಾಲಿ ಮಾಡಿ ಕ್ರಾಂತಿ ಮಾಡ್ಕೋ" ಎಂದರು. ದೊಡ್ಡಪ್ಪ "ಆಯ್ತಮ್ಮಾ ಇಂಜಿನಿಯರ್ರೇ, ನಾಳೆ ನೋಡೋಣ" ಎಂದರು. ಆ ಇಪ್ಪತ್ತು ನಿಮಿಷದಲ್ಲಿ, ಲಿವರನ್ನು ಇನ್ನು ಮೊದಲ ಸದ್ದಿಗೇ ನಿಲ್ಲಿಸಬೇಕು ಎಂಬ ಒಂದು ಮಾತನ್ನು ನಾನು ಹೇಳಿರುವುದಿಲ್ಲ.

13ನೇ ತಾರೀಖು ಸೋಮವಾರ ಬೆಳಗ್ಗೆ 6.40. ಮೊದಲ ಸರದಿ. ಹನ್ನೊಂದು ಜನ ಕೂತಿದ್ದರು. ನಾನು ಕಟ್ಟೆಯ ಮೇಲೆ, ದೋಣಿಯಿಂದ ಹತ್ತು ಅಡಿ ದೂರದಲ್ಲಿ, ಗೇರಿನ ಸದ್ದು ಕೇಳಲೆಂದೇ ನಿಂತಿದ್ದೆ. ಕೊನೆಯವರಾಗಿ ಬಂದವರು ಕಾಜಾ ಅಕ್ಕ. ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುವುದರಿಂದ ಅವರಿಗೆ ಆ ಹೆಸರು. ಅವರು ಯಾವಾಗಲೂ ಕೊನೆಯವರೇ. ಎರಡು ವರ್ಷದಿಂದ ಈ ಕಟ್ಟೆಯಲ್ಲಿ ನಡೆದುಬಂದ ರೀತಿ ಏನೆಂದರೆ, ಹಗ್ಗ ಬಿಚ್ಚಿ ಲಿವರ್ ನೂಕಿ ಮೋಟಾರು ಅರಚಿದ ಮೇಲೆಯೇ ತಡವಾದವರು ಹತ್ತುವುದು. ಗೇರು ಕಚ್ಚುವ ಮೂರು ಸೆಕೆಂಡಿನಲ್ಲಿ ಹತ್ತಿ ಕೂತಾಗಿರುತ್ತಿತ್ತು. ಯಾರೂ ಹಾಗೆಂದು ಮಾತಾಡಿಕೊಂಡದ್ದಲ್ಲ. ದೊಡ್ಡಪ್ಪನ ಕೈಗೂ ಉಳಿದವರ ಕಾಲಿಗೂ ರೂಢಿಯಾಗಿತ್ತು.

6.42ಕ್ಕೆ ದೊಡ್ಡಪ್ಪ "ಬಾರಮ್ಮ ಮಹಾರಾಣಿ, ಪಲ್ಲಕ್ಕಿ ಕಳಿಸ್ಬೇಕಾ?" ಎಂದು ಕೂಗಿ ಲಿವರನ್ನು ಎಂದಿನಂತೆ ಅರ್ಧದವರೆಗೆ ನೂಕಿದರು. ಕಾಜಾ ಅಕ್ಕ "ಕಳಿಸಿ, ಬೇಡ ಅಂದೋರ್ಯಾರು?" ಎನ್ನುತ್ತ ಎಡಗಾಲನ್ನು ದೋಣಿಯಲ್ಲಿಟ್ಟರು. ಬಲಗಾಲು ಕಟ್ಟೆಯ ಮೇಲಿತ್ತು. ಗೇರು ಆ ಕ್ಷಣವೇ ಬಿತ್ತು. ದೋಣಿ ಆರೇಳು ಅಡಿ ನೆಗೆಯಿತು. ಅವರು ಕಟ್ಟೆಗೂ ದೋಣಿಗೂ ನಡುವೆ ಬಿದ್ದರು. ಬೀಳುವಾಗ ಬಲ ಮಣಿಕಟ್ಟು ಕಟ್ಟೆಯ ಕಬ್ಬಿಣದ ಅಂಚಿಗೆ ಬಡಿಯಿತು. ಆ ಸದ್ದು ನನಗೆ ಕೇಳಿಸಿತು. ದೊಡ್ಡಪ್ಪ ಕೀಲಿ ತಿರುಗಿಸಿ ಮೋಟಾರು ನಿಲ್ಲಿಸಿ ನೀರಿಗೆ ಹಾರಿದರು. ಎದೆಮಟ್ಟದ ನೀರು. ಕಾಜಾ ಅಕ್ಕನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸುವಾಗ ದೊಡ್ಡಪ್ಪನ ಹೊಸ ಕನ್ನಡಕ ಮುಖದ ಮೇಲಿರಲಿಲ್ಲ. ಮಣಿಕಟ್ಟು ಎರಡು ಕಡೆ ಮುರಿದಿದೆ, ಆರು ವಾರ ಸೂಜಿ ಹಿಡಿಯುವಂತಿಲ್ಲ ಎಂದು ಡಾಕ್ಟರು ಹೇಳಿರುತ್ತಾರೆ.

ನಿನ್ನೆ ಸಂಜೆ 5 ಗಂಟೆಗೆ ಆಸ್ಪತ್ರೆಗೆ ಹೋಗಿ, ನನ್ನ ದುರಸ್ತಿಯಲ್ಲಿ ದೋಷವಿಲ್ಲ ಎಂದು ಕಾಜಾ ಅಕ್ಕನಿಗೆ ವಿವರಿಸಿದೆ. ಬುಷ್, ಕೇಬಲ್, ಆರು ಸುತ್ತು, ಎಲ್ಲವನ್ನೂ. ಅವರು ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಸರಿ ಕಣೇ. ದಿನಾ ಬೆಳಗ್ಗೆ ಕಟ್ಟೆ ಮೇಲೆ ನಿಂತು ನಮಗೆಲ್ಲ ಭಾಷಣ ಬಿಗೀತೀಯ. ಅವತ್ತು 'ಇನ್ಮೇಲೆ ಬೇಗ ಹತ್ತಿ' ಅನ್ನೋಕೆ ನಿನ್ನ ಬಾಯಿಗೆ ಏನಾಗಿತ್ತು?" ಎಂದು ಕೇಳಿದರು. ಅಲ್ಲಿಂದ ಮನೆಗೆ ಬಂದಾಗ ದೊಡ್ಡಪ್ಪ ಠಾಣೆಯಲ್ಲಿ ಏನು ಬರೆಸಿ ಬಂದಿದ್ದಾರೆಂದು ದೊಡ್ಡಮ್ಮ ಹೇಳಿದರು.

ಇಂದು ಬೆಳಗ್ಗೆ 10.30ಕ್ಕೆ ನನ್ನ ಕೋರಿಕೆಯಂತೆ, ಠಾಣೆಯ ಅಂಗಳದಲ್ಲಿ ಇಟ್ಟಿರುವ ಮೋಟಾರಿನ ಕವರನ್ನು ಇನ್‌ಸ್ಪೆಕ್ಟರ್ ಎದುರಿನಲ್ಲಿ ತೆಗೆಯಲಾಯಿತು. ತರಬೇತಿಯಿಲ್ಲದ ಕೈ ಗೇರನ್ನು ಹಾಳುಮಾಡಿದೆ ಎಂದು ಹೇಳಿದ್ದ ಕಂಪನಿಯ ಮೆಕ್ಯಾನಿಕ್ ಕೂಡ ಇದ್ದರು. ಅವರು ಮೂರೂ ಗೇರಿನಲ್ಲಿ ಫ್ಯಾನು ತಿರುಗಿಸಿ ನೋಡಿ, ನನ್ನ ಕಡೆ ನೋಡದೆ, ಸರಿಯಾಗೇ ಇದೆ ಎಂದರು. ಕವರ್ ತೆಗೆಯುವ ಮೊದಲೇ ಇನ್‌ಸ್ಪೆಕ್ಟರ್, ಪಿನ್ನಿನ ಕಾಲುಗಳನ್ನು ಯಾವ ಕಡೆಗೆ ಬಗ್ಗಿಸಿದಿರಿ ಎಂದು ದೊಡ್ಡಪ್ಪನನ್ನು ಕೇಳಿದ್ದರು. ದೊಡ್ಡಪ್ಪ ಬಲಕ್ಕೆ ಎಂದು, ಸ್ವಲ್ಪ ಹೊತ್ತಿನ ಮೇಲೆ ಎಡಕ್ಕೆ ಎಂದರು. ಒಂದು ಮೇಲಕ್ಕೆ, ಒಂದು ಕೆಳಕ್ಕೆ ಎಂದು ನಾನು ಹೇಳಿದೆ. ತೆಗೆದಾಗ ಹಾಗೆಯೇ ಇತ್ತು. ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಬಾಯಿ ಮುಚ್ಕೊಂಡಿರೋಕೆ ಏನು ತಗೋತೀಯೇ? ಕೇಸು ಅಂದ್ರೆ ಗೊತ್ತಾ ನಿನಗೆ?" ಎಂದು ಗದರಿದರು. ಒಂದು ಸಲ ಬಾಯಿ ಮುಚ್ಚಿಕೊಂಡು ಆಗಿದ್ದು ಸಾಕು ದೊಡ್ಡಪ್ಪಾ ಎಂದು ನಾನು ಹೇಳಿದೆ.

ಆದ್ದರಿಂದ ದಾಖಲಿಸಿಕೊಳ್ಳಬೇಕಾದದ್ದು ಇಷ್ಟು. ಗೇರು ಸರಿಯಾಗಿದೆ. ದೊಡ್ಡಪ್ಪ ಅಜಾಗರೂಕರಲ್ಲ, ಎರಡು ವರ್ಷ ಹೇಗೆ ನಡೆಸಿದರೋ ಹಾಗೆಯೇ ನಡೆಸಿದ್ದಾರೆ. ಗೇರು ಬದಲಾದದ್ದು ನನ್ನೊಬ್ಬಳಿಗೇ ಸರಿಯಾಗಿ ಗೊತ್ತಿತ್ತು, ನಾನು ಹೇಳಲಿಲ್ಲ. ಕಾಜಾ ಅಕ್ಕನ ಕೈ ಮುರಿದದ್ದು ಹೇಳದೆ ಇದ್ದದ್ದರಿಂದ. ಕ್ರಮ ಕೈಗೊಳ್ಳುವುದಿದ್ದರೆ ನನ್ನ ಮೇಲೆ ಕೈಗೊಳ್ಳಿ, ದೊಡ್ಡಪ್ಪನ ಪರವಾನಗಿಯನ್ನು ಮುಟ್ಟಬೇಡಿ. ಮೋಟಾರು ಮತ್ತೆ ಕೆಟ್ಟರೆ ಮತ್ತೆ ನಾನೇ ಬಿಚ್ಚುತ್ತೇನೆ. ಬಿಚ್ಚಿದ ಮರುದಿನ ಕಟ್ಟೆಯ ಮೇಲೆ ನಿಂತು, ಹತ್ತುವ ಒಬ್ಬೊಬ್ಬರಿಗೂ ಅದನ್ನು ಹೇಳುತ್ತೇನೆ.

ರೈಟರ್ ಸಾಹೇಬರು ಇದನ್ನು ಓದಿ ಹೇಳಿದರು. 'ಕೈತಪ್ಪಿನಿಂದ' ಎಂದು ಅವರು ಬರೆದಿದ್ದ ಕಡೆ ಹೊಡೆದುಹಾಕಿಸಿ 'ಹೇಳದೆ ಇದ್ದದ್ದರಿಂದ' ಎಂದು ಮಾಡಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಾನು ಹೇಳಿದ್ದೆಲ್ಲ ನಿಜ.

ಸ್ಥಳ: ಠಾಣೆ, ಮುಂದಿನ ಕೋಣೆ
ದಿನಾಂಕ: 15, ಬುಧವಾರ, ಬೆಳಗ್ಗೆ 11.50
ಹೇಳಿಕೆ ಕೊಟ್ಟವಳ ಸಹಿ: (ಸಹಿ ಇದೆ)

ಸಾಕ್ಷಿ: ಹೇಳಿಕೆ ಕೊಟ್ಟವಳ ದೊಡ್ಡಪ್ಪ, ದೋಣಿಯವರು. ಮೊದಲು ಸಹಿ ಹಾಕಲು ಒಪ್ಪಲಿಲ್ಲ. 12.15ಕ್ಕೆ ಒಳಗೆ ಬಂದು, ತಮ್ಮ ನಿನ್ನೆಯ ಹೇಳಿಕೆಯನ್ನು ಹಿಂದಕ್ಕೆ ಪಡೆದಿರುವುದಾಗಿ ಸ್ವಂತ ಅಕ್ಷರದಲ್ಲಿ ಬರೆದು ಸಹಿ ಮಾಡಿರುತ್ತಾರೆ. ಅದರ ಕೆಳಗೆ, "ಹುಡುಗಿ ಮನೆಗೆ ಬರೋವರೆಗೂ ನಾನು ಇಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ" ಎಂದೂ ಬರೆದಿರುತ್ತಾರೆ.